ಮಿನಮಾಟಾದ ಇಂಗ್ಲಿಷ್ ತರಗತಿ

ಜಪಾನಿನ ಕ್ಯೂಷೂ ದ್ವೀಪದ ಪಶ್ಚಿಮ ತೀರದಲ್ಲಿ, ಷಿರಾನುಯಿ ಕಡಲಿಗೆ ತಗುಲಿಕೊಂಡಂತಿದೆ ಮಿನಮಾಟಾ. ಯಾತ್ಸುಷಿರೋ ಕಡೆಯಿಂದ ಬರುವ ಪುಟ್ಟ ರೈಲು ಬಹುದೂರ ನೀರಿನ ಅಂಚನ್ನೇ ಹಿಡಿದು ಸಾಗುತ್ತದೆ. ಕೆರೆಯಂತೆ ಶಾಂತವಾದ ಕಡಲು; ಅದರಾಚೆ ಅಮಾಕುಸಾ ದ್ವೀಪಗಳ ನೀಲಿ ಸಾಲು. ಇಷ್ಟು ಚೆಲುವಾದ ನೀರು ಜನರನ್ನು ಕೊಂದಿತೆಂದರೆ ನಂಬುವುದು ಕಷ್ಟ.

ಇಲ್ಲಿನ ಚಿಸ್ಸೋ ಕಂಪನಿಯ ಕಾರ್ಖಾನೆ 1932ರಿಂದ 1968ರ ವರೆಗೆ ಅಸಿಟಾಲ್ಡಿಹೈಡ್ ತಯಾರಿಸುತ್ತ, ಪಾದರಸ ಬೆರೆತ ಕೊಳೆನೀರನ್ನು ಹೊರಬಿಟ್ಟಿತು. ವಿಷವು ಮೀನನ್ನು ಸೇರಿತು. ಮೀನಿನಿಂದ ಬೆಕ್ಕಿಗೆ, ಮನುಷ್ಯನಿಗೆ, ತಾಯಿಯ ಗರ್ಭದಲ್ಲಿದ್ದ ಶಿಶುವಿಗೆ. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರ ಮೇ 1ರಂದು ಕಾರ್ಖಾನೆಯ ಆಸ್ಪತ್ರೆಯಿಂದಲೇ ರೋಗದ ಮೊದಲ ವರದಿ ಹೊರಟಿತು. ಕಾರಣವನ್ನು ಸರ್ಕಾರ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರಿನಲ್ಲಿ. ಹನ್ನೆರಡು ವರ್ಷ!

ವಿಷದ ಕೆಸರನ್ನು ಮಣ್ಣಿನಡಿ ಹೂತ 58 ಹೆಕ್ಟೇರು ನೆಲ ಇಂದು ಉದ್ಯಾನವಾಗಿದೆ. ಹುಲ್ಲಿನ ಅಂಚಿನಲ್ಲಿ ಪುಟ್ಟ ಕಲ್ಲಿನ ಮೂರ್ತಿಗಳು. ರೋಗಿಗಳೂ ಅವರ ಜೊತೆಗಾರರೂ ಕೈಯಾರೆ ಕೆತ್ತಿದವು. ಪಾದರಸವನ್ನು ಹತೋಟಿಗೆ ತರಲು 2013ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಈ ಊರಿನ ಹೆಸರನ್ನೇ ಇಟ್ಟರು. 2018ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಹೀಗಾಗಿ ದೇಶದೇಶಗಳ ಜನ ಇಲ್ಲಿಗೆ ಬರುತ್ತಾರೆ. ಊರಿನ ಮಕ್ಕಳು ಅವರಿಗೆ ಇಂಗ್ಲಿಷಿನಲ್ಲಿ ಉತ್ತರಿಸಬೇಕಾಗುತ್ತದೆ.

ಅಲ್ಲಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಬರವಣಿಗೆಯ ತರಗತಿಯನ್ನು ನೋಡುವ ಅವಕಾಶ ನನಗೆ ದೊರೆಯಿತು. ಕನ್ನಡದ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ವಾಚಕರು ನಗಬಹುದು. ಆದರೆ ಅಂದು ನಡೆದದ್ದು ಅಪ್ಪಟ ವ್ಯಾಕರಣದ ಪಾಠ. ಊರಿನ ಕಡಲನ್ನು ಕುರಿತು ಪರದೇಶದವರಿಗೆ ತಿಳಿಯುವಂತೆ ಹತ್ತು ವಾಕ್ಯ ಬರೆಯಬೇಕು. ಹುಡುಗಿಯೊಬ್ಬಳು ಬರೆದಿದ್ದಳು: “ಕಡಲಿಗೆ ಪಾದರಸ ಬಿಡಲಾಯಿತು.” ಉಪಾಧ್ಯಾಯಿನಿ ಅದನ್ನು ಕರಿಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಒಂದೇ ಪದವನ್ನು ಸೇರಿಸಿದರು: “ಯಾರಿಂದ?”

ಜಪಾನೀ ಭಾಷೆಯಲ್ಲಿ ಕರ್ತೃಪದವಿಲ್ಲದೆ ವಾಕ್ಯ ನಡೆಯುತ್ತದೆ. ನಮ್ಮ ಕನ್ನಡದಲ್ಲೂ ಅಷ್ಟೆ. ಇಂಗ್ಲಿಷ್ ಹಾಗೆ ಸುಲಭವಾಗಿ ಬಿಡುವುದಿಲ್ಲ, ಕರ್ತೃವಿನ ಜಾಗದಲ್ಲಿ ಏನಾದರೊಂದನ್ನು ಕೂರಿಸೆನ್ನುತ್ತದೆ. ಆದರೆ ಕರ್ಮಣಿಪ್ರಯೋಗವೆಂಬ ಹಿಂಬಾಗಿಲೂ ಅದಕ್ಕುಂಟು. ನಮ್ಮ ಕಛೇರಿಗಳಿಗೆ ಆ ಬಾಗಿಲು ಚೆನ್ನಾಗಿ ಗೊತ್ತು. “ಕ್ರಮ ಕೈಗೊಳ್ಳಲಾಗುವುದು” ಎಂಬ ಉತ್ತರವನ್ನು ಓದಿದಾಗಲೆಲ್ಲ, ಕೈಗೊಳ್ಳುವ ಕೈ ಯಾವುದೆಂದು ನಾನು ಹುಡುಕಿದ್ದೇನೆ.

ತರಗತಿ ಮೌನವಾಯಿತು. ಪ್ರಶ್ನೆ ಕಠಿಣವೆಂದಲ್ಲ; ಉತ್ತರ ಎಲ್ಲರಿಗೂ ಗೊತ್ತಿತ್ತು. ಆ ಕಾರ್ಖಾನೆಯಿಂದಲೇ ಬೆಳೆದ ಊರದು. ಬೆಸ್ತರ ಮೊಮ್ಮಕ್ಕಳೂ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಕ್ಕಳೂ ಒಂದೇ ಕೋಣೆಯಲ್ಲಿ ಕುಳಿತಿದ್ದರು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನೆರೆಹೊರೆಯವರನ್ನು ಎರಡು ಪಕ್ಷ ಮಾಡಿದ್ದವು. ಇಂಥಲ್ಲಿ ಒಂದು ಕರ್ತೃಪದವನ್ನು ಬರೆಯುವುದೆಂದರೆ ಪಕ್ಕದ ಬೆಂಚಿನ ಗೆಳೆಯನ ಮನೆಯನ್ನು ಬೆರಳಿಟ್ಟು ತೋರಿಸಿದಂತೆ.

ಕಿಟಕಿಯ ಬಳಿಯಿದ್ದ ಹುಡುಗನೊಬ್ಬ ಬಹಳ ಹೊತ್ತು ಪೆನ್ಸಿಲು ಕಚ್ಚುತ್ತಿದ್ದು, ಕೊನೆಗೆ ಬರೆದ: “ನನ್ನ ಅಜ್ಜ ದುಡಿದ ಕಾರ್ಖಾನೆ ಕಡಲಿಗೆ ಪಾದರಸವನ್ನು ಬಿಟ್ಟಿತು.” ಉಪಾಧ್ಯಾಯಿನಿ ಬಗ್ಗಿ ಎರಡು ಸಲ ಓದಿದರು. ಕೆಂಪು ಶಾಯಿಯಿಂದ ಕಾರ್ಖಾನೆಯ ಹಿಂದೊಂದು, ಕಡಲಿನ ಹಿಂದೊಂದು ‘ದಿ’ ಸೇರಿಸಿ, ಪುಸ್ತಕವನ್ನು ಅವನ ಕೈಗಿತ್ತು ಮುಂದಿನ ಬೆಂಚಿಗೆ ನಡೆದರು.