ಹನ್ನೆರಡು ಗಂಟೆಯ ಲೀಸ್

ರಾಜ್ಯೋತ್ಸವದ ಕ್ವಿಜ್‌ಗೆ ಲ್ಯಾಬ್‌ನ ಇಪ್ಪತ್ನಾಲ್ಕು ಸಿಸ್ಟಂ ನಮಗೆ ಸಿಕ್ಕಿದ್ವು. ಇಂಟರ್‌ನೆಟ್ ಬೇಡ, ಒಂದು ಸ್ವಿಚ್, ಸರ್ವರ್‌ಗೆ ಒಂದು ಹಳೇ ಉಬುಂಟು ಪಿಸಿ ಸಾಕು ಅಂದ್ಕೊಂಡ್ವಿ ನಾವು ಮೂವರು. ಮೊದಲ ದಿನ ಐಪಿ ಅಡ್ರೆಸ್‌ಗಳನ್ನ ಕೈಯಲ್ಲೇ ಹಾಕಿದ್ವಿ, ರಫ್ ನೋಟ್‌ಬುಕ್‌ನಲ್ಲಿ ಬರ್ಕೊಂಡು. ಹದಿನೇಳನೇ ಸಿಸ್ಟಂಗೆ ಬರೋ ಹೊತ್ತಿಗೆ ಎರಡಕ್ಕೆ ಒಂದೇ ನಂಬರ್ ಬಿದ್ದಿತ್ತು. ಬಸ್ ಕಿಟಕಿಯಿಂದ ಇಬ್ಬರು ಒಂದೇ ಸೀಟಿಗೆ ಟವೆಲ್ ಹಾಕಿದ ಹಾಗೆ.

ಆಗ ಡಿಎಚ್‌ಸಿಪಿ ನೆನಪಾಯ್ತು. ನೆಟ್‌ವರ್ಕ್ಸ್ ಪೇಪರ್ ನಮಗೆ ಇನ್ನೂ ಐದನೇ ಸೆಮ್‌ನಲ್ಲಿ, ಆದರೆ ಧೈರ್ಯಕ್ಕೆ ಸಿಲಬಸ್ ಇಲ್ಲವಲ್ಲ. ಉಬುಂಟುವಿನಲ್ಲಿ ಡಿಎನ್‌ಎಸ್‌ಮಾಸ್ಕ್ ಇತ್ತು. ಬರೆದಿದ್ದು ಮುಖ್ಯವಾಗಿ ಒಂದೇ ಸಾಲು: 192.168.50.10 ರಿಂದ 192.168.50.60 ರವರೆಗೆ ಹಂಚು, ಲೀಸ್ 12 ಗಂಟೆ. ಹೊಸದಾಗಿ ಆನ್ ಆದ ಸಿಸ್ಟಂ ‘ಯಾರಾದ್ರೂ ಇದೀರಾ?’ ಅಂತ ಇಡೀ ನೆಟ್‌ವರ್ಕ್‌ಗೆ ಕೂಗುತ್ತೆ. ಸರ್ವರ್ ‘ಈ ಅಡ್ರೆಸ್ ತಗೋತೀಯಾ?’ ಅನ್ನುತ್ತೆ. ‘ಅದನ್ನೇ ಕೊಡಿ’, ‘ಆಯ್ತು, ನಿನ್ನದೇ’ ಅಂದ್ರೆ ಮಾತುಕತೆ ಮುಗೀತು. 1997ರ ಆರ್‌ಎಫ್‌ಸಿ 2131 ರಲ್ಲಿ ಇದೆಲ್ಲ ಇದೆ. (ನಾವು ಓದಿದ್ದು ಆಮೇಲೆ, ತಪ್ಪಾದ ಮೇಲೆ.) ಇಪ್ಪತ್ನಾಲ್ಕೂ ಸಿಸ್ಟಂ ಒಂದೊಂದು ನಂಬರ್ ತಗೊಂಡ್ವು. ಕುಣಿದುಬಿಟ್ವಿ.

ಮಾರನೇ ದಿನ ನೋಡಿದ್ರೆ ಕ್ವಿಜ್ ಪೇಜ್‌ಗೆ ಬೇಕಾದ ಅಪಾಚೆಯನ್ನೇ ಹಾಕಿರಲಿಲ್ಲ. ಡೌನ್‌ಲೋಡ್ ಮಾಡ್ಕೊಳ್ಳೋಣ ಅಂತ ಗೋಡೆಯ ಪೋರ್ಟ್‌ನಿಂದ ಒಂದು ಕೇಬಲ್ ಎಳೆದು ನಮ್ಮ ಸ್ವಿಚ್‌ಗೆ ಸಿಕ್ಕಿಸಿದ್ವಿ. ಐದೇ ನಿಮಿಷ ಅಂತ.

ಪಕ್ಕದ ಲ್ಯಾಬ್‌ನಲ್ಲಿ ಫೈನಲ್ ಇಯರ್‌ನವರಿಗೆ ಪ್ಲೇಸ್‌ಮೆಂಟ್ ಟೆಸ್ಟ್ ಇತ್ತು.

ಕೂಗಿದ ಸಿಸ್ಟಂ ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ನಂಬುತ್ತೆ. ಕಾಲೇಜಿನ ಸರ್ವರ್ ಎಲ್ಲೋ ಇನ್ನೊಂದು ಬ್ಲಾಕ್‌ನಲ್ಲಿ, ನಮ್ಮ ಪಿಸಿ ಗೋಡೆಯಾಚೆ. ಮೊದಲೇ ಆನ್ ಆಗಿದ್ದವು ಬಚಾವಾದ್ವು. ಆಗ ತಾನೇ ಆನ್ ಮಾಡಿದ ಏಳು ಸಿಸ್ಟಂ ನಮ್ಮ ಅಡ್ರೆಸ್ ತಗೊಂಡು, ಹೊರಗೆ ಹೋಗೋಕೆ ದಾರಿಯೇ ಇಲ್ಲದ ನೆಟ್‌ವರ್ಕ್‌ನಲ್ಲಿ ಕೂತ್ವು.

ಕಾರಿಡಾರ್‌ನಲ್ಲಿ ಗಲಾಟೆ ಕೇಳಿ ಕೇಬಲ್ ಕಿತ್ತುಹಾಕಿದ್ವಿ. ಆದರೂ ಸರಿಹೋಗಲಿಲ್ಲ. 12 ಗಂಟೆ ಲೀಸ್ ಕೊಟ್ಟಿದ್ವಲ್ಲ! ಅರ್ಧ ಅವಧಿ ಕಳೆಯೋವರೆಗೂ ಅವು ರಿನ್ಯೂ ಮಾಡೋಕೂ ಹೋಗಲ್ಲ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಕರೆಂಟ್ ಮೇಲೋ ಸ್ವಿಚ್ ಮೇಲೋ ಹೋಗ್ತಿತ್ತು. ಸುಮ್ಮನಿರೋಣ ಅಂತ ನಮ್ಮಲ್ಲೇ ಒಬ್ಬರು ಅಂದದ್ದೂ ನಿಜ. ಯಾರು ಅಂತ ಬರೆಯಲ್ಲ, ಮೂವರಿಗೂ ಅದೇ ಮನಸ್ಸಿತ್ತು.

ಆದರೆ ಆ ಏಳು ಸಿಸ್ಟಂಗೆ ಏನು ಮಾಡ್ಬೇಕು ಅನ್ನೋದು ಆ ಹೊತ್ತಿಗೆ ಅಲ್ಲಿ ನಮಗೊಬ್ಬರಿಗೇ ಗೊತ್ತಿತ್ತು. ಒಳಗೆ ಹೋಗಿ, ‘ಸರ್, ನಮ್ಮಿಂದ ಆಗಿದ್ದು’ ಅಂದ್ವಿ. ಸರ್ ಒಂದು ಕ್ಷಣ ನೋಡಿ, ‘ಬೈಯೋದು ಆಮೇಲೆ, ಮೊದಲು ಸರಿ ಮಾಡ್ರಿ’ ಅಂದ್ರು. ಒಂದೊಂದರಲ್ಲೂ ಐಪಿಕಾನ್ಫಿಗ್ ರಿಲೀಸ್, ಆಮೇಲೆ ರಿನ್ಯೂ. ಕೈ ನಡುಗಿ ಸ್ಪೆಲ್ಲಿಂಗ್ ತಪ್ತಿತ್ತು. ಇಪ್ಪತ್ತು ನಿಮಿಷ ಹೋಯ್ತು. ಆರು ಜನರ ಟೆಸ್ಟ್ ಮತ್ತೆ ತೆರೀತು. ಒಬ್ಬರು ಅಕ್ಕಂದು ತೆರೀಲಿಲ್ಲ.

ಸರ್ ಕಂಪನಿಗೆ ಫೋನ್ ಮಾಡಿ ಅವರಿಗೆ ಸಂಜೆಯ ಸ್ಲಾಟ್ ಕೊಡಿಸಿದ್ರು. ನಾವು ಅಲ್ಲೀವರೆಗೂ ಮೆಟ್ಟಿಲ ಮೇಲೆ ಕೂತಿದ್ವಿ, ಕ್ಯಾಂಟೀನ್‌ಗೂ ಹೋಗದೆ. ಅಕ್ಕ ಹೊರಗೆ ಬಂದು ನಮ್ಮನ್ನ ನೋಡಿ, ‘ಸೆಕೆಂಡ್ ಇಯರ್ರಾ?’ ಅಂತ ಕೇಳಿದ್ರು. ಹೂಂ ಅಂದ್ವಿ. ‘ಲೀಸ್ ಹತ್ತು ನಿಮಿಷ ಇಡ್ಬೇಕಿತ್ತು ಕಣ್ರೋ’ ಅಂತ ಹೇಳಿ ಇಳಿದು ಹೋದ್ರು.