ಐದು ಮನೆ, ಒಂದು ಕೊಳಗ

ಮ್ಯೂಸಿಯಂ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಶಾಲಾ ಪ್ರವಾಸ. ಸಾಲಾಗಿ ನಿಲ್ಲಿ, ಮುಟ್ಟಬೇಡಿ, ಬೇಗ ನಡೀರಿ, ಬಸ್ಸಿಗೆ ಟೈಮಾಯ್ತು. ದೊಡ್ಡ ಮ್ಯೂಸಿಯಂಗಳಲ್ಲಿ ಈಗಲೂ ಅದೇ ಕಥೆ. ಆದರೆ ನಮ್ಮ ರಾಜ್ಯದ ರಸ್ತೆಬದಿಗಳಲ್ಲಿ ಇನ್ನೊಂದು ಬಗೆಯ ಮ್ಯೂಸಿಯಂಗಳಿವೆ. ಯಾರೋ ಬಾಳಿ ಬದುಕಿದ ಮನೆಗಳು. ಒಳಗೆ ಹೆಚ್ಚೆಂದರೆ ಒಂದು ಗಂಟೆ ಸಾಕು, ಜನಜಂಗುಳಿ ಕಡಿಮೆ, ಮಾತಾಡಿಸಿದರೆ ನೋಡಿಕೊಳ್ಳುವವರು ನಿಂತು ಮಾತಾಡುತ್ತಾರೆ. ಕಳೆದ ನವೆಂಬರ್‌ನಲ್ಲಿ ಅಂಥ ಐದು ಮನೆಗಳನ್ನು ಐದು ದಿನದಲ್ಲಿ ನೋಡಿ ಬಂದೆ. ಜತೆಗೆ ಅಪ್ಪ.

ಹೊರಡಲು ಒಂದು ಕಾರಣವೂ ಇತ್ತು. ಕೊಪ್ಪದ ಹತ್ತಿರ ನಮ್ಮದೊಂದು ಹಳೇ ತೊಟ್ಟಿಮನೆ ಇದೆ. ಈಗ ಅಲ್ಲಿರೋದು ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಪ್ರತಿ ಮಳೆಗಾಲಕ್ಕೂ ಹೆಂಚು ಕೈಯಾಡಿಸಬೇಕು, ಆಳು ಸಿಗಲ್ಲ, ಒಂದು ಕಡೆ ಗೆದ್ದಲು ಹತ್ತಿದೆ. ಮರದ ವ್ಯಾಪಾರಿಯೊಬ್ಬರು ಬಂದು ಕಂಬ, ತೊಲೆ, ಬಾಗಿಲು ಎಲ್ಲಕ್ಕೂ ಸೇರಿ ಒಂದು ರೇಟು ಹೇಳಿ ಹೋಗಿದ್ದರು. ಆ ದುಡ್ಡಿನಲ್ಲಿ ಅದೇ ಜಾಗದಲ್ಲಿ ಸಣ್ಣದೊಂದು ಆರ್‌ಸಿಸಿ ಮನೆ ಕಟ್ಟಬಹುದು ಅನ್ನೋದು ದೊಡ್ಡಪ್ಪನ ಲೆಕ್ಕ. ಅಪ್ಪನಿಗೆ ಇಲ್ಲ ಅನ್ನೋಕೂ ಆಗಲ್ಲ, ಹೂಂ ಅನ್ನೋಕೂ ಆಗಲ್ಲ. ಊರಿಗೆ ಹೋಗಿ ಮಾತಾಡಿ, ಹಾಗೇ ಒಂದು ಸುತ್ತು ಹೋಗಿ ಬರೋಣ ಅಂತ ನಾನೇ ಹೊರಡಿಸಿದೆ.

ಮೊದಲು ಕುಪ್ಪಳಿ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಕುವೆಂಪು ಹುಟ್ಟಿದ್ದು 1904ರಲ್ಲಿ, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ಈ ಮನೆಯಲ್ಲಿ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಮನೆಯನ್ನು ಜೀರ್ಣೋದ್ಧಾರ ಮಾಡಿ 'ಕವಿಮನೆ' ಎಂದು ಉಳಿಸಿಕೊಂಡಿದ್ದಾರೆ. ನಡುವೆ ತೆರೆದ ಅಂಗಳ, ಸುತ್ತ ಜಗಲಿ, ದಪ್ಪ ಮರದ ಕಂಬಗಳು, ಮೇಲೆ ಉಪ್ಪರಿಗೆ. ಬಾಣಂತಿ ಕೋಣೆ ಎಂದೇ ಒಂದು ಕೋಣೆ. ಅಡುಗೆಮನೆಯ ಪಾತ್ರೆ, ಕಡೆಗೋಲು, ಭತ್ತ ಅಳೆಯುವ ಕೊಳಗ. ಒಳಗೆ ಫೋಟೋ ತೆಗೆಯುವಂತಿಲ್ಲ. ಮೊದಲು ಬೇಜಾರಾಯಿತು. ಆಮೇಲೆ ನೋಡಿದರೆ ಅದೇ ಒಳ್ಳೆಯದಾಯ್ತು. ಫೋನ್ ಜೇಬಿನಲ್ಲಿದ್ದಾಗ ಕಿವಿ ಬಿಡುವಾಗಿರುತ್ತದೆ.

ಕೊಳಗದ ಮುಂದೆ ಅಪ್ಪ ನಿಂತುಬಿಟ್ಟರು. "ನಮ್ಮನೇಲೂ ಇಂಥದ್ದೇ ಇದೆ, ಅಟ್ಟದ ಮೇಲೆ. ಆಳುಗಳಿಗೆ ಭತ್ತ ಅಳೆಯೋವಾಗ ಅಜ್ಜಿ ಕೊಳಗದ ತಲೆ ಸವರೋಕೆ ಬಿಡ್ತಿರಲಿಲ್ಲ. ರಾಶಿ ಬರಬೇಕು ಅನ್ನೋಳು. ಅಂಗಡಿಗೆ ಕೊಡೋವಾಗ ಮಾತ್ರ ಸವರಿ ಅಳೆಸೋಳು," ಅಂದರು. ಮೂವತ್ತು ವರ್ಷದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಒಂದೇ ಅಳತೆ, ಎರಡು ನ್ಯಾಯ. ಅಳೆಯುವ ಪಾತ್ರೆ ನೋಡಿದರೆ ಇದು ಗೊತ್ತಾಗಲ್ಲ. ಅದನ್ನು ಬಳಸಿದವರನ್ನು ನೋಡಿದವರು ಹೇಳಬೇಕು.

ಈ ಮನೆಯಲ್ಲಿ 2015ರಲ್ಲಿ ಕಳ್ಳತನವಾಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಕಳ್ಳರ ಕಣ್ಣಿಗೆ ಬೆಲೆಬಾಳುವುದು ಅದೇ. ಅಪ್ಪ ಪದಕಗಳ ಕೋಣೆಯಲ್ಲಿ ಎರಡು ನಿಮಿಷ ನಿಂತಿರಬಹುದು, ಅಡುಗೆಮನೆಯಲ್ಲಿ ಇಪ್ಪತ್ತು ನಿಮಿಷ.

ಅಲ್ಲಿಂದ ಮೇಲೆ ಕವಿಶೈಲಕ್ಕೆ ಹತ್ತಲೇಬೇಕು. ಕಲಾವಿದ ಕೆ.ಟಿ. ಶಿವಪ್ರಸಾದ್ ವಿನ್ಯಾಸ ಮಾಡಿದ ದೊಡ್ಡ ಕಲ್ಲುಗಳ ನಡುವೆ ಕವಿಯ ಸಮಾಧಿ. ಪಕ್ಕದ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರಿನ ಅಕ್ಷರಗಳು. ಸಂಜೆ ಹೊತ್ತಿಗೆ ಹೋಗಿ. ಮಲೆನಾಡಿನ ಬೆಟ್ಟಸಾಲು ಒಂದರ ಹಿಂದೊಂದು ನೀಲಿಯಾಗುತ್ತಾ ಹೋಗುತ್ತದೆ.

ಅವತ್ತು ರಾತ್ರಿ ಊರಿನಲ್ಲಿ ಉಳಿದೆವು. ದೊಡ್ಡಪ್ಪ ಮನೆ ವಿಷಯ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಬೆಳಿಗ್ಗೆ ಕಡುಬು ತಿಂದು ಆಗುಂಬೆ ಘಾಟಿ ಇಳಿದು, ಹೆಬ್ರಿ ಮೇಲೆ ಮಣಿಪಾಲಕ್ಕೆ ಬಂದೆವು.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಒಂದು ವಿಚಿತ್ರ ಊರು. ಇಲ್ಲಿನ ಯಾವ ಮನೆಯೂ ಇಲ್ಲಿಯದಲ್ಲ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳನ್ನು ಹುಡುಕಿ, ಬಿಚ್ಚಿ, ಒಂದೊಂದು ಭಾಗವನ್ನೂ ಸಾಗಿಸಿ ಇಲ್ಲಿ ಮತ್ತೆ ನಿಲ್ಲಿಸಿದರು. ಹರ್ಕೂರಿನ ಒಳಗಿನ ಮನೆ, ಮಿಯಾರಿನ ಮನೆ, ಭಟ್ಕಳದ ನವಾಯತ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್. ಕರಾವಳಿ, ಬಯಲುಸೀಮೆ, ನವಾಬರ ಕಾಲ ಎಲ್ಲ ಒಂದೇ ಕಾಂಪೌಂಡಿನೊಳಗೆ. ಗೈಡ್ ಜತೆಗೇ ಸುತ್ತಬೇಕು, ಇಲ್ಲೂ ಕ್ಯಾಮೆರಾಕ್ಕೆ ಅವಕಾಶವಿಲ್ಲ. ಶೆಣೈ 2017ರಲ್ಲಿ ತೀರಿಕೊಂಡರು. ಅವರ ಕೆಲಸ ನಿಂತಿದೆ, ನೆಟ್ಟಗೆ.

ಕಂಬದ ಮೇಲೆ ಕೈಯಾಡಿಸಬೇಕು ಅನ್ನಿಸಿತು, ಸುಮ್ಮನಿದ್ದೆ. ಅಪ್ಪ ಗೈಡ್ ಹುಡುಗನನ್ನು ಕೇಳಿದರು: "ಬಿಚ್ಚಿದ ಮೇಲೆ ಯಾವ ತುಂಡು ಎಲ್ಲಿಗೆ ಅಂತ ಹೇಗಪ್ಪಾ ಗೊತ್ತಾಗತ್ತೆ?" ಪ್ರತಿ ತುಂಡಿಗೂ ನಂಬರ್ ಹಾಕಿಕೊಳ್ಳಬೇಕು ಸರ್, ಅಂದ. ಅಪ್ಪ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ನಮ್ಮ ಮನೆ ಮರಕ್ಕೂ ಆ ವ್ಯಾಪಾರಿ ನಂಬರ್ ಹಾಕಿಯೇ ಹೋಗಿದಾನೆ. ಆದ್ರೆ ಅದು ಘನ ಅಡಿ ಲೆಕ್ಕ," ಅಂದರು. ನಗು ಬಂತು, ನಗೋಕೆ ಆಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬಿಚ್ಚಿ ತಂದ ಮನೆ ಉಳಿಯುತ್ತದೆ, ಆದರೆ ಅದರ ಬಾವಿ, ಹಿತ್ತಲು, ಗದ್ದೆ ಹಿಂದೆಯೇ ಉಳಿಯುತ್ತವೆ. ಮುಂಬಾಗಿಲು ತೆರೆದರೆ ಕಾಣಬೇಕಾದ ತೋಟ ಕಾಣಲ್ಲ, ಇನ್ನೊಂದು ಊರಿನ ಮನೆ ಕಾಣುತ್ತದೆ. ಹಾಗಂತ ಇದನ್ನು ಕೊರತೆ ಅನ್ನೋಕಾಗಲ್ಲ. ಆ ಮನೆಗಳ ಮುಂದಿದ್ದ ಇನ್ನೊಂದು ದಾರಿ ಸೌದೆಯಾಗೋದು.

ಮೂರನೇ ದಿನ ಮಂಗಳೂರು, ಮಾಣಿ ದಾಟಿ ಪುತ್ತೂರು. ಪರ್ಲಡ್ಕದ 'ಬಾಲವನ' ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬದುಕಿದ ಜಾಗ. ಕಾದಂಬರಿ ಬರೆದರು, ಮಕ್ಕಳಿಗಾಗಿ ವಿಶ್ವಕೋಶದಂಥ 'ಬಾಲಪ್ರಪಂಚ' ತಂದರು, ಆಟ, ನಾಟಕ, ಕುಣಿತದ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಈ ಜಾಗದಲ್ಲಿ ಕಾರಂತರ ಮನೆ, ನಾಟ್ಯಶಾಲೆ, ಪಕ್ಕದಲ್ಲೇ ಈಜುಕೊಳ. ನಾವು ಹೋದಾಗ ಮಕ್ಕಳು ಕೂಗಾಡುತ್ತಾ ನೀರಿಗೆ ಹಾರುತ್ತಿದ್ದರು. ಸ್ಮಾರಕಕ್ಕೆ ಇಷ್ಟು ಗಲಾಟೆ ಇರಬೇಕು ಅನ್ನಿಸಿತು. ಬೀಗ ಹಾಕಿ ಕಾಪಾಡಿದ ಮನೆಗಿಂತ ಬಳಸುತ್ತಿರುವ ಜಾಗದಲ್ಲಿ ಉಸಿರು ಹೆಚ್ಚು.

ಸುಳ್ಯ, ಸಂಪಾಜೆ ಹತ್ತಿ ಮಡಿಕೇರಿ. ಇಲ್ಲಿನ 'ಸನ್ನಿ ಸೈಡ್' ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ. 1948ರಲ್ಲಿ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಸೇನಾನಿ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿದ್ದಾಗ 1965ರಲ್ಲಿ ತೀರಿಕೊಂಡರು. ಅಂಥವರ ಮನೆ ಎಷ್ಟೋ ವರ್ಷ ಆರ್‌ಟಿಒ ಕಚೇರಿಯಾಗಿತ್ತು ಅಂದರೆ ನಂಬ್ತೀರಾ? ಜನ ಲೈಸೆನ್ಸ್ ಮಾಡಿಸೋಕೆ ಸಾಲು ನಿಲ್ಲುತ್ತಿದ್ದ ಜಾಗ 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಈಗ ಅಂಗಳದಲ್ಲಿ ಯುದ್ಧ ಟ್ಯಾಂಕ್, ಒಳಗೆ ಅವರ ಬದುಕಿನ ಫೋಟೋಗಳು, ಸೇನೆಯ ಸಾಮಗ್ರಿ. ಕಚೇರಿಯಾಗಿದ್ದಕ್ಕೆ ಬೈಯುವುದು ಸುಲಭ. ಆದರೆ ದಿನಾ ಬಾಗಿಲು ತೆಗೆದು, ಕಸ ಗುಡಿಸಿ, ಸೋರಿದರೆ ದುರಸ್ತಿ ಮಾಡುವ ಜನ ಇದ್ದರೆ ಗೋಡೆಯಾದರೂ ನಿಲ್ಲುತ್ತದೆ. ಖಾಲಿ ಬಿಟ್ಟ ಮನೆಯನ್ನು ಮಲೆನಾಡಿನ ಮಳೆ ಬಿಡುವುದಿಲ್ಲ.

ಕೊನೆಗೆ ಮೈಸೂರು, ಯಾದವಗಿರಿ. ಆರ್.ಕೆ. ನಾರಾಯಣ್ ಅವರ ಎರಡು ಅಂತಸ್ತಿನ ಬಿಳಿ ಮನೆ. 2011ರಲ್ಲಿ ಇದನ್ನು ಕೆಡವುವ ಕೆಲಸ ಶುರುವಾಗಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾಗಿ ಕೆಲಸ ನಿಂತಿತು. ಇಂಗ್ಲಿಷ್‌ನಲ್ಲಿ ಬರೆದವರಿಗೆ ಸರ್ಕಾರದ ದುಡ್ಡಲ್ಲಿ ಸ್ಮಾರಕ ಯಾಕೆ ಎಂದು ಕೆಲವು ಕನ್ನಡ ಸಾಹಿತಿಗಳು ಆಕ್ಷೇಪಿಸಿದ್ದೂ ಉಂಟು. ಕೊನೆಗೆ ಪಾಲಿಕೆ ಮನೆಯನ್ನು ಕೊಂಡು, ದುರಸ್ತಿ ಮಾಡಿ 2016ರಲ್ಲಿ ಜನರಿಗೆ ತೆರೆಯಿತು. ಒಳಗೆ ಕೋಟು, ಕನ್ನಡಕ, ಫೋಟೋ, ಪ್ರಶಸ್ತಿಗಳು. ಬಹಳ ಕಡೆ ಖಾಲಿ ಖಾಲಿ. ಆದರೆ ಸುತ್ತಲೂ ಕಿಟಕಿಗಳಿರುವ, ಅರ್ಧಚಂದ್ರದಂತೆ ಹೊರಗೆ ಚಾಚಿದ ಕೋಣೆಯಲ್ಲಿ ಐದು ನಿಮಿಷ ನಿಂತರೆ ಸಾಕು, ಬರೆಯುವವರಿಗೆ ಈ ಬೆಳಕು ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ.

ಮೆಟ್ಟಿಲ ಮೇಲೆ ಕೂತು ಅಪ್ಪ ಕೇಳಿದರು, "ಇವರ ಮನೆ ಉಳಿಸೋಕೆ ಊರೇ ಮಾತಾಡಿತು. ನಮ್ಮದಕ್ಕೆ ಯಾರು ಬರ್ತಾರೆ ಮಾರಾಯ್ತಿ?"

ಯಾರೂ ಬರಲ್ಲ. ಅದೇ ನಿಜ. ಪ್ರತಿಷ್ಠಾನ, ಪಾಲಿಕೆ, ಸರ್ಕಾರ ಎಲ್ಲ ದೊಡ್ಡವರ ಮನೆಗೆ. ನಮ್ಮಂಥವರ ಮನೆಗೆ ನಾವೇ. ಅದರಲ್ಲೂ ಹೆಂಚು ಹೊದಿಸುವ ಖರ್ಚು, ಗೆದ್ದಲಿನ ಕಾಟ, ಎಪ್ಪತ್ತು ದಾಟಿದ ದೊಡ್ಡಪ್ಪ ಏಣಿ ಹತ್ತುವ ಅಪಾಯ, ಇವನ್ನೆಲ್ಲ ಬೆಂಗಳೂರಿನಲ್ಲಿ ಕೂತು 'ಪರಂಪರೆ ಉಳಿಸಿ' ಅನ್ನುವ ನಾನು ಹೊರುವುದಿಲ್ಲ. ಹಾಗಾಗಿ ಮನೆ ಕೆಡವಬೇಡಿ ಅಂತ ಅವರಿಗೆ ಹೇಳುವ ಹಕ್ಕು ನನಗಿಲ್ಲ ಅನ್ನಿಸಿತು.

ಆದರೆ ಕೊಳಗದ ಮಾತು ಬಿಡಲಿಲ್ಲ. ನನ್ನ ಕೆಲಸದಲ್ಲಿ ದಿನಾ ನೋಡುವ ಸಂಗತಿ ಇದು: ಹಳೇ ಕೋಡ್ ಇರುತ್ತದೆ, ಓಡುತ್ತಲೂ ಇರುತ್ತದೆ, ಬರೆದವರು ಬಿಟ್ಟುಹೋಗಿರುತ್ತಾರೆ. ಹೀಗೇಕೆ ಬರೆದರು ಎಂದು ಎಲ್ಲೂ ಇಲ್ಲ. ಐದು ಮನೆಗಳಲ್ಲೂ ವಸ್ತುಗಳ ಹೆಸರಿತ್ತು. ನಮಗೆ ಹಿಡಿಸಿದ್ದು ಹೆಸರಿನಾಚೆಗೆ ಯಾರೋ ಹೇಳಿದ ಮಾತು.

ಬೆಂಗಳೂರಿಗೆ ಬಂದ ವಾರವೇ ದೊಡ್ಡಪ್ಪನಿಗೆ ಫೋನ್ ಮಾಡಿದೆವು. ಯುಗಾದಿವರೆಗೆ ವ್ಯಾಪಾರಿಗೆ ಮಾತು ಕೊಡಲ್ಲ ಅಂತ ಒಪ್ಪಿದ್ದಾರೆ. ಆಮೇಲೆ ಏನು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಅಷ್ಟರಲ್ಲಿ ನಾನು ಎರಡು ಸಲ ಊರಿಗೆ ಹೋಗಿ ಬಂದೆ. ಒಂದೊಂದು ಕೋಣೆಯ ಅಳತೆ, ನಕ್ಷೆ, ಫೋಟೋ ಆಗಿದೆ. ಅಟ್ಟದಿಂದ ಇಳಿಸಿದ ಒಂದೊಂದು ಸಾಮಾನು ಹಿಡಿದು ದೊಡ್ಡಮ್ಮನನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಮೊದಲು "ಇದೆಲ್ಲ ಎಂತಕ್ಕೆ" ಅಂದವರು ಈಗ ತಾವೇ ಫೋನ್ ಮಾಡಿ, "ಒರಳಿನ ವಿಷಯ ಒಂದು ಹೇಳೋದು ಮರೆತಿದ್ದೆ" ಅನ್ನುತ್ತಾರೆ.

ನೀವೂ ಈ ದಾರಿಯಲ್ಲಿ ಹೊರಟರೆ ಮೂರು ಮಾತು. ರಜಾದಿನ, ಸಮಯ ಮೊದಲೇ ವಿಚಾರಿಸಿಕೊಳ್ಳಿ, ಸಣ್ಣ ಜಾಗಗಳಲ್ಲಿ ಅದು ಬದಲಾಗುತ್ತಿರುತ್ತದೆ. ದಿನಕ್ಕೆ ಒಂದೇ ಮನೆ ಇಟ್ಟುಕೊಳ್ಳಿ, ಎರಡು ನೋಡಿದರೆ ಕಲಸಿಹೋಗುತ್ತದೆ. ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಒಬ್ಬರನ್ನಾದರೂ ಜತೆಗೆ ಕರೆದುಕೊಂಡು ಹೋಗಿ. ಮುಂದಿನ ಸೀಟಿನಲ್ಲಿ ಕೂರಿಸಿ, ಹಾಡು ಸ್ವಲ್ಪ ಕಮ್ಮಿ ಮಾಡಿ. ಅವರು ಯಾವ ವಸ್ತುವಿನ ಮುಂದೆ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ.