ಹನೋಯ್ ನಗರದಲ್ಲಿ ಒಂದು ಸಂಜೆ

ಕಳೆದ ಕ್ರಿಸ್ಮಸ್ ರಜೆಯಲ್ಲಿ ನಾವು ವಿಯೆಟ್ನಾಮಿನ ರಾಜಧಾನಿಯಾದ ಹನೋಯ್ ನಗರವನ್ನು ಸಂದರ್ಶಿಸಿದೆವು. ಒಟ್ಟು ಐವರು: ನಾವು ದಂಪತಿಗಳು, ಎಪ್ಪತ್ತು ದಾಟಿದ ಅಮ್ಮ, ಏಳನೆಯ ತರಗತಿಯ ಮಗಳು, ಅವಳ ಪುಟ್ಟ ತಮ್ಮ. ಕಾಸರಗೋಡಿನ ತೋಟ–ಗದ್ದೆಗಳ ನಡುವೆಯೇ ಬಾಳಿದ ಅಮ್ಮನಿಗೆ ಪರದೇಶ ಪ್ರಯಾಣ ಇದೇ ಮೊದಲು. "ಅಲ್ಲಿ ನಾನು ತಿನ್ನುವುದೇನು, ಮಾತನಾಡುವುದು ಯಾರೊಡನೆ?" ಎಂಬುದೇ ಅವರ ಚಿಂತೆ. ಈ ಎರಡು ಪ್ರಶ್ನೆಗಳಿಗೂ ಒಂದು ಶನಿವಾರದ ಸಂಜೆ ಉತ್ತರ ದೊರೆಯಿತು.

ನಗರದ ನಡುವೆ ಹೊವಾನ್ ಕಿಯೆಮ್ ಸರೋವರವಿದೆ. ಹೆಸರಿನ ಅರ್ಥ 'ಮರಳಿಸಿದ ಖಡ್ಗ'. ಚೀನದ ಮಿಂಗ್ ಸೈನ್ಯವನ್ನು ಹೊರಗಟ್ಟಿ 1428ರಲ್ಲಿ ಪಟ್ಟವೇರಿದ ಲೆ ಲೋಯಿ ಎಂಬ ಅರಸನು, ಯುದ್ಧಕ್ಕಾಗಿ ತನಗೆ ದೊರೆತ ದಿವ್ಯಖಡ್ಗವನ್ನು ಇಲ್ಲಿಯ ಆಮೆಯೊಂದಕ್ಕೆ ಹಿಂದಿರುಗಿಸಿದನೆಂದು ಐತಿಹ್ಯ. 2016ರಿಂದ ವಾರಾಂತ್ಯದ ಸಂಜೆಗಳಲ್ಲಿ ಸರೋವರದ ಸುತ್ತಿನ ಬೀದಿಗಳಿಗೆ ವಾಹನಗಳ ಪ್ರವೇಶವಿಲ್ಲ. ಆಬಾಲವೃದ್ಧರೆಲ್ಲ ನಮ್ಮೂರ ಜಾತ್ರೆಗೆ ಬಂದಂತೆ ಬಂದು ಅಡ್ಡಾಡುತ್ತಾರೆ.

ಮೊದಲು ಹೊಟ್ಟೆಯ ಚಿಂತೆ. ಅಲ್ಲಿಯ ಅಡುಗೆಯಲ್ಲಿ ಮೀನಿನ ರಸ ಬೀಳದ ಪದಾರ್ಥ ಅಪರೂಪ. ಆದರೆ ಸಸ್ಯಾಹಾರಕ್ಕೆ ಅವರ ಭಾಷೆಯಲ್ಲಿ 'ಚೈ' ಎಂಬ ಪದವಿದೆ. ಆ ಒಂದು ಪದವನ್ನು ಹಿಡಿದು ಗಲ್ಲಿಯ ಪುಟ್ಟ ಉಪಾಹಾರಗೃಹವೊಂದನ್ನು ಹುಡುಕಿದೆವು. ಅಕ್ಕಿಯ ಶಾವಿಗೆ, ಸೊಪ್ಪು, ಸೋಯಾ ಹಾಲಿನ ಗಟ್ಟಿ ಬಂದವು. ಬಾಯಿಗಿಟ್ಟ ಅಮ್ಮ, "ಇದು ನಮ್ಮ ಒತ್ತುಶಾವಿಗೆಯೇ! ತೆಂಗಿನಕಾಯಿ ಹಾಲೊಂದು ಇದ್ದಿದ್ದರೆ!" ಎಂದರು.

ಬಳಿಕ ಸರೋವರದ ದಡದಲ್ಲೇ ಇರುವ ಥಾಂಗ್ ಲಾಂಗ್ ಜಲಬೊಂಬೆಯಾಟದ ರಂಗಮಂದಿರಕ್ಕೆ ಹೋದೆವು. 1969ರಲ್ಲಿ ಸ್ಥಾಪಿತವಾದ ಸಂಸ್ಥೆಯಿದು. ಕಲೆಯಾದರೋ ಬಹು ಹಳೆಯದು. 1121ರ ಶಿಲಾಶಾಸನವೊಂದರಲ್ಲಿ ಇದರ ಉಲ್ಲೇಖವಿದೆ. ಕೆಂಪು ನದಿಯ ಬಯಲಿನ ಭತ್ತದ ಬೇಸಾಯಗಾರರು ಊರ ಕೆರೆಗಳಲ್ಲಿ ಆಡುತ್ತಿದ್ದ ಆಟವಿದು. ಇಲ್ಲಿ ನೀರೇ ರಂಗಸ್ಥಳ. ಬಿದಿರಿನ ತೆರೆಯ ಹಿಂದೆ ಸೊಂಟದವರೆಗಿನ ನೀರಿನಲ್ಲಿ ನಿಂತ ಕಲಾವಿದರು, ನೀರಿನಡಿ ಮರೆಯಾದ ಉದ್ದನೆಯ ಗಳುಗಳಿಂದ ಅತ್ತಿಮರದ ಬೊಂಬೆಗಳನ್ನು ಕುಣಿಸುತ್ತಾರೆ. ಬದಿಯಲ್ಲಿ ಹಿಮ್ಮೇಳ: ಡೋಲು, ಕೊಳಲು, ಒಂಟಿ ತಂತಿಯ ವಾದ್ಯ, ಹಾಡುಗಾರರು. ದುಂಡು ಹೊಟ್ಟೆಯ ವಿದೂಷಕ ತೇಉ ಬಂದು ಆಟಕ್ಕೆ ನಾಂದಿ ಹಾಡಿದನು. "ಇವನು ನಮ್ಮ ಕೋಡಂಗಿಯಲ್ಲವೇ!" ಎಂದು ಅಮ್ಮ ನಕ್ಕರು. ಉಳುವವನು ಬಂದನು, ಬಾತುಗಳನ್ನು ಅಟ್ಟುವ ನರಿ ಬಂತು, ಕಿಡಿಯುಗುಳುವ ನಾಗಗಳು ಬಂದವು. ಲೆ ಲೋಯಿಯ ಆಮೆಯೂ ಬಂತು. ಮಾತು–ಹಾಡುಗಳೆಲ್ಲ ವಿಯೆಟ್ನಾಮಿ ಭಾಷೆಯಲ್ಲಿಯೇ. ನಾನಾ ದೇಶಗಳ ಪ್ರೇಕ್ಷಕರು ನಗಬೇಕಾದಲ್ಲಿ ನಕ್ಕರು. ಕೊನೆಗೆ ಕಲಾವಿದರು ತೆರೆಯನ್ನು ಸರಿಸಿ ನೀರಿನಲ್ಲಿ ನಿಂತೇ ವಂದಿಸಿದರು.

ಹೊರಗೆ ಬಂದೊಡನೆ ಮಗಳು ಕೇಳಿದಳು: "ಅಪ್ಪಾ, ಅವರ ಮಾತು ಒಂದೂ ತಿಳಿಯಲಿಲ್ಲ, ಕತೆ ಮಾತ್ರ ತಿಳಿಯಿತು. ಊರಿನ ಆಟ ನನಗೆ ತಿಳಿಯುವುದಿಲ್ಲವೆಂದು ನೀವು ಏಕೆ ಹೇಳುವುದು?"

ನಮ್ಮಲ್ಲಿ ಉತ್ತರವಿರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಹಿರಿಯರು ಮಕ್ಕಳನ್ನು ಹೆಗಲೇರಿಸಿಕೊಂಡು ಬಯಲಾಟಕ್ಕೆ ಒಯ್ದವರು. ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಾದ ನಾವೋ, ಇಂಗ್ಲಿಷ್ ಮಾಧ್ಯಮದ ಮಗಳಿಗೆ ಅರ್ಥಗಾರಿಕೆಯ ಕನ್ನಡ ಹತ್ತಲಾರದೆಂದು ನಾವೇ ತೀರ್ಮಾನಿಸಿ, ಅವಳನ್ನು ಒಮ್ಮೆಯೂ ಆಟಕ್ಕೆ ಕರೆದೊಯ್ದಿರಲಿಲ್ಲ. ಅಮ್ಮ ನಮ್ಮ ಕಡೆ ನೋಡಿ, "ಕೇಳಿತೋ?" ಎಂದಷ್ಟೇ ಹೇಳಿದರು.

ಬೀದಿಯಲ್ಲಿ ದೀಪಗಳು ಝಗಝಗಿಸುತ್ತಿದ್ದವು. ಒಂದೆಡೆ ಗಿಟಾರ್ ಹಿಡಿದ ತರುಣರು, ಮತ್ತೊಂದೆಡೆ ಹಗ್ಗಜಗ್ಗಾಟ. ಸಮೀಪದ ತಾ ಹಿಯೆನ್ ಗಲ್ಲಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಮಣೆಗಳ ಮೇಲೆ ಬಿಯರ್ ಹೀರುವವರ ನೂಕುನುಗ್ಗಲು. ಬಾಯಲ್ಲಿಯೇ ನಿಂತು ನೋಡಿ ಹಿಂದಿರುಗಿದೆವು. ಸರೋವರದ ಬಳಿ ಹುಡುಗಿಯೊಬ್ಬಳು ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಮನೆಗಳನ್ನೂ ತುದಿಗಳಲ್ಲಿ ಎರಡು ಅರ್ಧವೃತ್ತಗಳನ್ನೂ ಬರೆದು, ಮನೆಗೆ ಐದರಂತೆ ಹರಳು ಇಟ್ಟಿದ್ದಳು. ಅಮ್ಮನ ಕಣ್ಣರಳಿತು. "ಚೆನ್ನೆಮಣೆ! ಆಟಿ ತಿಂಗಳ ಮಳೆಯಲ್ಲಿ ನಾವು ಆಡುತ್ತಿದ್ದದ್ದು!" ನಮ್ಮದರಲ್ಲಿ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕು ಕಾಯಿ, ಲೆಕ್ಕ ಬೇರೆ, ಬಿತ್ತುತ್ತ ಸಾಗುವ ಕೈ ಒಂದೇ. ಸೆರಗು ಸಿಕ್ಕಿಸಿಕೊಂಡು ಅಮ್ಮ ಕುಳಿತೇಬಿಟ್ಟರು. ಅವರದು ಕನ್ನಡ, ಹುಡುಗಿಯದು ವಿಯೆಟ್ನಾಮಿ. ಇಬ್ಬರೂ ಧಾರಾಳವಾಗಿ ಮಾತನಾಡಿಕೊಂಡರು. ಮೊದಲನೆಯ ಆಟದಲ್ಲಿ ಅಮ್ಮ ಸೋತರು. ಎರಡನೆಯದರಲ್ಲಿ ಹುಡುಗಿ ಸೋತಳೋ, ಸೋತುಕೊಟ್ಟಳೋ ತಿಳಿಯದು.

ಊರಿಗೆ ಮರಳಿದ ವಾರದಲ್ಲೇ ನೆರೆಯ ದೇವಸ್ಥಾನದ ಬಯಲಿನಲ್ಲಿ ಮೇಳವೊಂದರ ಆಟವಿತ್ತು. ಐವರಿಗೂ ಸಾಲುವಷ್ಟು ಚಾಪೆ ಹಾಸಿ ರಂಗಸ್ಥಳದ ಮುಂದೆಯೇ ಕುಳಿತೆವು. ಪುಟ್ಟವನು ಚೆಂಡೆಯ ಸದ್ದಿನಲ್ಲಿಯೇ ನಿದ್ದೆಹೋದನು. ಮಗಳು ಮಾತ್ರ ನಡುರಾತ್ರಿ ಕಳೆದರೂ ಅಜ್ಜಿಯ ಕಿವಿಗೆ ಬಾಗಿ ಒಂದೊಂದು ಪದದ ಅರ್ಥವನ್ನು ಕೇಳುತ್ತಲೇ ಇದ್ದಳು.